ವಿಧಿಸಮ್ಮತಿಯೂ ವಸ್ತುಶುದ್ಧಿಯೂ

ಮಾದಕದ್ರವ್ಯಗಳ ಮಾರಾಟಕ್ಕೆ ಶಾಸನವು ಸಮ್ಮತಿಯನ್ನಿತ್ತರೆ ಆ ದ್ರವ್ಯಗಳ ಶುದ್ಧಿಯೂ ನಿರಪಾಯತೆಯೂ ಹೆಚ್ಚುವುವೆ ಎಂಬ ಪ್ರಶ್ನೆಯು ಈಗ ಹಲವು ದೇಶಗಳಲ್ಲಿ ಚರ್ಚಿತವಾಗುತ್ತಿದೆ. ಇದನ್ನು ತೂಗಿನೋಡಲು ಅಮೆರಿಕಾ ಸಂಯುಕ್ತ ಸಂಸ್ಥಾನದ ಚರಿತ್ರೆಯು ಉತ್ತಮ ಸಾಮಗ್ರಿಯನ್ನು ಒದಗಿಸುತ್ತದೆ.

ಅಲ್ಲಿ 1920ರಿಂದ 1933ರ ವರೆಗೆ ಪಾನನಿರೋಧವು ಜಾರಿಯಲ್ಲಿದ್ದಿತು. ಕೈಗಾರಿಕೆಗೆ ಮೀಸಲಾದ ಮದ್ಯಸಾರವನ್ನು ಜನರು ಕುಡಿಯದಿರಲೆಂದು ಸರ್ಕಾರವೇ ಅದಕ್ಕೆ ಮಿಥೈಲ್ ಮದ್ಯಸಾರವೇ ಮೊದಲಾದ ವಿಷಗಳನ್ನು ಬೆರೆಸುವಂತೆ ವಿಧಿಸಿದ್ದಿತು. ಕಳ್ಳವ್ಯಾಪಾರಿಗಳು ಅದನ್ನೇ ಅರೆಬರೆಯಾಗಿ ಶೋಧಿಸಿ ಮಾರಿದರು. ಕುಡಿದವರಲ್ಲಿ ಅನೇಕರು ಕಣ್ಣನ್ನೋ ಪ್ರಾಣವನ್ನೋ ಕಳೆದುಕೊಂಡರು. ಔಷಧವೆಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಜಮೈಕಾ ಶುಂಠಿಸಾರದ ವೃತ್ತಾಂತವು ಇನ್ನೂ ಬೋಧಪ್ರದವಾದುದು. ಅದು ಕುಡಿಯಲಾಗದಷ್ಟು ಖಾರವಾಗಿರಬೇಕೆಂಬ ನಿಯಮವಿದ್ದುದರಿಂದ, ಪರೀಕ್ಷಕರು ದ್ರವವನ್ನು ಕುದಿಸಿ ಉಳಿದ ಅಂಶವನ್ನು ತೂಗುತ್ತಿದ್ದರು. ಈ ತೂಕವನ್ನು ಸರಿದೂಗಿಸಲು ಕೆಲವರು ಟ್ರೈ-ಆರ್ಥೋಕ್ರೆಸಿಲ್ ಫಾಸ್ಫೇಟ್ ಎಂಬ ರಾಸಾಯನಿಕವನ್ನು ಬೆರೆಸಿದರು. 1930ರಲ್ಲಿ ಸಾವಿರಾರು ಮಂದಿಯ ಕಾಲುಗಳು ಸ್ವಾಧೀನ ತಪ್ಪಿದುವು. ಆ ಪರೀಕ್ಷೆಯು ಕುಡಿತವನ್ನು ತಡೆಯಲು ಹುಟ್ಟಿದುದು. ಕುಡಿದವನ ರಕ್ಷಣೆಯನ್ನು ಅದು ಲಕ್ಷಿಸಲಿಲ್ಲ.

ಇಷ್ಟರಿಂದಲೇ ಸಮ್ಮತಿಯೊಂದೇ ಸಾಕೆಂದು ನಿರ್ಣಯಿಸುವುದು ಅವಸರವಾದೀತು. ನಿರೋಧವು ತೊಲಗಿದ ಮೇಲೆ, 1937ರಲ್ಲಿ, ಅದೇ ದೇಶದಲ್ಲಿ ವಿಧಿಗೆ ಒಳಪಟ್ಟೇ ಮಾರಾಟವಾದ ‘ಎಲಿಕ್ಸಿರ್ ಸಲ್ಫನಿಲಮೈಡ್’ ಎಂಬ ಔಷಧವು 100ಕ್ಕೂ ಹೆಚ್ಚು ಮಂದಿಯನ್ನು ಕೊಂದಿತು. ಅದರಲ್ಲಿ ದ್ರಾವಕವಾಗಿದ್ದ ಡೈಎಥಿಲೀನ್ ಗ್ಲೈಕಾಲ್ ವಿಷವಸ್ತು. ಮಾರುವುದಕ್ಕೆ ಮೊದಲು ಔಷಧವನ್ನು ಪರೀಕ್ಷಿಸಬೇಕೆಂಬ ಕಟ್ಟಳೆ ಅಂದು ಇರಲಿಲ್ಲ. ಸೀಸೆಗಳನ್ನು ವಶಪಡಿಸಿಕೊಳ್ಳಲು ಅಧಿಕಾರಿಗಳಿಗೆ ದೊರೆತ ಆಧಾರವು ಕೇವಲ ಒಂದು ಶಬ್ದದ ಅರ್ಥ: ‘ಎಲಿಕ್ಸಿರ್’ ಎಂದರೆ ಮದ್ಯಸಾರವುಳ್ಳ ಔಷಧ, ಇದರಲ್ಲಿ ಮದ್ಯಸಾರವಿಲ್ಲ, ಆದುದರಿಂದ ಹೆಸರು ಸುಳ್ಳು! ಮರುವರ್ಷವೇ ಪೂರ್ವಪರೀಕ್ಷೆಯನ್ನು ಕಡ್ಡಾಯ ಮಾಡುವ ಶಾಸನವು ಬಂದಿತು. ಆದರೂ ಒಂದು ಭೇದವನ್ನು ಗಮನಿಸಬೇಕು. ಇಲ್ಲಿ ಮಾರಿದವನಿಗೆ ಹೆಸರೂ ಲೆಕ್ಕಪತ್ರವೂ ಇದ್ದುದರಿಂದ ಉಳಿದ ಔಷಧದ ಬಹುಭಾಗವನ್ನು ಹುಡುಕಿ ಹಿಂದಕ್ಕೆ ತರಿಸಲು ಸಾಧ್ಯವಾಯಿತು. ಕಳ್ಳಪೇಟೆಯ ಸರಕಿಗೆ ಈ ಭಾಗ್ಯವಿಲ್ಲ.

2018ರ ಅಕ್ಟೋಬರ್ 17ರಂದು ಗಾಂಜಾ ಮಾರಾಟಕ್ಕೆ ಸಮ್ಮತಿಯಿತ್ತ ಕೆನಡಾ ದೇಶವು ಈ ಎರಡು ಪಾಠಗಳನ್ನೂ ಕೂಡಿಸಿಕೊಂಡಂತಿದೆ. ಅಲ್ಲಿ ಉತ್ಪಾದಕನಿಗೆ ಪರವಾನಗಿ ಬೇಕು; ಕೀಟನಾಶಕ, ರೋಗಾಣು ಮೊದಲಾದುವುಗಳಿಗಾಗಿ ಸರಕಿನ ಪರೀಕ್ಷೆಯಾಗಬೇಕು; ಮಾದಕಾಂಶದ ಪ್ರಮಾಣವನ್ನು ಚೀಟಿಯಲ್ಲಿ ನಮೂದಿಸಬೇಕು.

ಸಮ್ಮತಿಯು ವಸ್ತುವನ್ನು ತಾನೇ ಶುದ್ಧಗೊಳಿಸದು. ಶುದ್ಧಿಯನ್ನು ಕೇಳುವುದಕ್ಕೆ ಒಬ್ಬ ಉತ್ತರವಾದಿಯನ್ನು ಒದಗಿಸುತ್ತದೆ. ಶುದ್ಧವಾದ ಮಾದಕವೂ ಮಾದಕವೇ ಎಂಬುದಂತೂ ಉಳಿದೇ ಇರುವುದು. ಆ ಅಪಾಯವನ್ನು ಯಾವ ಚೀಟಿಯೂ ನೀಗಲಾರದು.