ನಿಮಗಿದು ಗೊತ್ತೆ? ಕ್ಷಮೆಗಾಗಿ ಹಿಮದಲ್ಲಿ ಬರಿಗಾಲಲ್ಲಿ ನಿಂತ ರಾಜ

ಜರ್ಮನಿಯ ರಾಜ ನಾಲ್ಕನೆಯ ಹೆನ್ರಿಯನ್ನು 1076ರಲ್ಲಿ ಪೋಪ್ ಏಳನೆಯ ಗ್ರೆಗರಿ ಚರ್ಚಿನಿಂದ ಬಹಿಷ್ಕರಿಸಿದರು. ಬಿಷಪ್ಪರನ್ನು ನೇಮಿಸುವ ಅಧಿಕಾರ ಯಾರದು ಎಂಬುದು ಜಗಳದ ಮೂಲ. ವರ್ಷದೊಳಗೆ ಬಹಿಷ್ಕಾರ ತೆರವಾಗದಿದ್ದರೆ ಸಾಮಂತರು ಹೆನ್ರಿಯ ಕೈಬಿಡುವವರಿದ್ದರು. ಹಾಗಾಗಿ ಆತ ಕಡುಚಳಿಯಲ್ಲೇ ಹೆಂಡತಿ, ಪುಟ್ಟ ಮಗನೊಡನೆ ಆಲ್ಪ್ಸ್ ದಾಟಿದ. ಇಳಿಜಾರಿನಲ್ಲಿ ರಾಣಿಯನ್ನೂ ದಾಸಿಯರನ್ನೂ ಎತ್ತಿನ ಚರ್ಮದ ಮೇಲೆ ಕೂರಿಸಿ ಎಳೆದೊಯ್ದರೆಂದು ಅಂದಿನ ಚರಿತ್ರೆಕಾರನೊಬ್ಬ ಬರೆದಿದ್ದಾನೆ.

ಪೋಪ್ ಆಗ ಇಟಲಿಯ ಕನೋಸಾ ಕೋಟೆಯಲ್ಲಿದ್ದರು. 1077ರ ಜನವರಿ ಕೊನೆಯಲ್ಲಿ ಹೆನ್ರಿ ರಾಜಲಾಂಛನ ಕಳಚಿ, ಒರಟು ಉಣ್ಣೆಯ ಬಟ್ಟೆ ತೊಟ್ಟು, ಬರಿಗಾಲಲ್ಲಿ ಮೂರು ದಿನ ಬಾಗಿಲಲ್ಲಿ ನಿಂತ. ಒಳಗೆ ಪೋಪ್‌ಗೂ ಇಕ್ಕಟ್ಟೇ. ಎದುರಿಗಿರುವುದು ರಾಜಕೀಯ ನಾಟಕವೆಂಬ ಅನುಮಾನವಿದ್ದರೂ, ಅಳುತ್ತಾ ಬಂದ ಪಶ್ಚಾತ್ತಾಪಿಗೆ ಪಾದ್ರಿಯಾದವನು ಬಾಗಿಲು ಹಾಕುವುದು ಹೇಗೆ? ಇದು ನಿಷ್ಠುರತೆಯಲ್ಲ, ಕ್ರೌರ್ಯ ಎಂದು ಜೊತೆಗಿದ್ದವರೇ ದೂರಿದ್ದನ್ನು ಗ್ರೆಗರಿ ತಮ್ಮ ಪತ್ರದಲ್ಲೇ ಒಪ್ಪಿಕೊಂಡಿದ್ದಾರೆ. ಕೋಟೆಯ ಒಡತಿ ಮಟಿಲ್ಡಾ ಕೂಡ ಬೇಡಿಕೊಂಡಳು. ಕೊನೆಗೆ ಕ್ಷಮೆ ಸಿಕ್ಕಿತು.

ಹೆನ್ರಿಯ ಪಶ್ಚಾತ್ತಾಪ ಎಷ್ಟು ನಿಜವಿತ್ತೋ ದೇವರೇ ಬಲ್ಲ! 1080ರಲ್ಲಿ ಮತ್ತೆ ಬಹಿಷ್ಕಾರ. 1084ರಲ್ಲಿ ಆತ ರೋಮನ್ನೇ ವಶಪಡಿಸಿಕೊಂಡ. ಮರುವರ್ಷ ಗ್ರೆಗರಿ ಸಲೆರ್ನೊದಲ್ಲಿ ದೇಶಭ್ರಷ್ಟರಾಗಿ ತೀರಿಕೊಂಡರು.

1106ರಲ್ಲಿ ಹೆನ್ರಿ ಸತ್ತಾಗಲೂ ಬಹಿಷ್ಕಾರ ಅವನ ಮೇಲಿತ್ತು. ಸ್ಪೇಯರ್ ಕೆಥೆಡ್ರಲ್‌ನ ಪಕ್ಕದ, ಇನ್ನೂ ಪ್ರತಿಷ್ಠಾಪನೆಯಾಗದ ಪ್ರಾರ್ಥನಾಲಯದಲ್ಲಿ ಶವ ಐದು ವರ್ಷ ಕಾಯಿತು. 1111ರಲ್ಲಿ ಬಹಿಷ್ಕಾರ ತೆರವಾದ ಮೇಲಷ್ಟೇ ಕೆಥೆಡ್ರಲ್‌ನೊಳಗೆ ಮಣ್ಣಾಯಿತು.