ಒಂದು ಹೂವು ಥಾನಿನ ತುಂಬ ಹರಡುವ ಮೊದಲು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಕಲಬುರಗಿ ಜಿಲ್ಲೆಯ ಈ ಊರುಗಳ ಹೆಸರು ಕೇಳಿದರೆ ನಮ್ಮ ಕರಾವಳಿಯವರಿಗೆ ನೆನಪಾಗುವುದು ಮೂರು ಸಂಗತಿ: ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು, ಮನೆ ಕಟ್ಟುವ ಸಿಮೆಂಟು, ಸಾರಿಗೆ ಹಾಕುವ ತೊಗರಿಬೇಳೆ. ನಾಲ್ಕನೆಯದೊಂದಿದೆ, ಅದು ನಮ್ಮ ಕಣ್ಣಿಗೆ ಬಿದ್ದದ್ದು ಕಡಿಮೆ. ಅದು ಲಂಬಾಣಿ ತಾಂಡಾಗಳ ಸೂಜಿ ಕೆಲಸ.

ಆ ಸೀಮೆಯಲ್ಲಿ ತಾಂಡಾಗಳು ಬಹಳ. 2023ರ ಜನವರಿಯಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ತಾಂಡಾ ನಿವಾಸಿಗಳಿಗೆ ಮನೆ ಜಾಗದ ಹಕ್ಕುಪತ್ರ ಹಂಚಿದಾಗ ಐದು ಜಿಲ್ಲೆಗಳ ಫಲಾನುಭವಿಗಳೇ 50 ಸಾವಿರದಷ್ಟಿದ್ದರು. ಅಲ್ಲಿಯ ಹಿರಿಯ ಹೆಂಗಸರ ಫೇಟಿಯಾ, ಕಾಂಚಳಿಗಳ ಮೇಲೆ ಕನ್ನಡಿ, ಕವಡೆ, ನಾಣ್ಯ, ಬಣ್ಣದ ದಾರ ಸೇರಿ ಆಗುವ ನಕ್ಷೆಗೆ ಬೆಲೆ ಕಟ್ಟುವುದು ಕಷ್ಟ. ಈಗ ಅಂಥದೇ ನಕ್ಷೆಗಳು ಪ್ರಿಂಟ್ ಆಗಿ, ಮೀಟರಿಗಿಷ್ಟು ಅಂತ ಮಾರಾಟವಾಗುತ್ತಿವೆ. ಸೂಜಿ ಹಿಡಿದವರ ಕೈಗೆ ಅದರಲ್ಲಿ ಎಷ್ಟು ಬರುತ್ತದೆ?

ಇದು ತಾಂಡಾದವರ ಪ್ರಶ್ನೆ ಮಾತ್ರ ಅಂತ ತಿಳಿಯಬೇಡಿ. ನಮ್ಮ ಮನೆಗಳಲ್ಲೂ ಮೈಲಾಂಜಿ ಬಿಡಿಸುವ, ದುಪಟ್ಟಾಕ್ಕೆ ಎಂಬ್ರಾಯ್ಡರಿ ಹಾಕುವ ಹೆಣ್ಮಕ್ಕಳಿದ್ದಾರೆ. ಬಟ್ಟೆ ಅಂಗಡಿ ಇಟ್ಟವರೂ ಇದ್ದಾರೆ. ಒಂದು ಕೈನಕ್ಷೆ ಇಡೀ ಥಾನಿಗೆ ಹರಡುವುದು ಹೇಗೆ, ಹರಡುವ ಮೊದಲು ಏನು ಮಾಡಿಕೊಳ್ಳಬೇಕು ಅನ್ನೋದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ.

ಕತ್ತರಿ ಮತ್ತು ಅಂಟುಪಟ್ಟಿ ಸಾಕು

ಒಂದು ಚಿತ್ರದ ಫೋಟೋ ತೆಗೆದು ಸಾಲಾಗಿ ಜೋಡಿಸಿದರೆ ಅದು ಬಟ್ಟೆಯ ಡಿಸೈನ್ ಆಗುವುದಿಲ್ಲ. ತುಂಡು ತುಂಡಿನ ನಡುವೆ ಗೆರೆ ಎದ್ದು ಕಾಣುತ್ತದೆ. ಬಲ ಅಂಚಿನಲ್ಲಿ ತುಂಡಾದ ಬಳ್ಳಿ ಎಡ ಅಂಚಿನಲ್ಲಿ ಅದೇ ಎತ್ತರದಲ್ಲಿ ಮುಂದುವರಿಯಬೇಕು. ಮೇಲಿನದ್ದು ಕೆಳಗಿನದ್ದಕ್ಕೂ ಹಾಗೆಯೇ.

ಇದಕ್ಕೆ ಕಂಪ್ಯೂಟರ್ ಇಲ್ಲದ ಹಳೆಯ ವಿಧಾನ ಒಂದಿದೆ. ಚೌಕ ಕಾಗದದ ನಡುವೆ ಹೂವು ಬಿಡಿಸಿ, ನಾಲ್ಕೂ ಅಂಚು ಖಾಲಿ ಬಿಡಿ. ಕಾಗದವನ್ನು ಮೇಲಿಂದ ಕೆಳಗೆ ನೇರವಾಗಿ ಎರಡು ಮಾಡಿ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟು ಹಿಂದಿನಿಂದ ಅಂಟಿಸಿ. ಈಗ ಅಡ್ಡಕ್ಕೆ ಕತ್ತರಿಸಿ, ಮೇಲಿನದ್ದನ್ನು ಕೆಳಗೆ, ಕೆಳಗಿನದ್ದನ್ನು ಮೇಲೆ ಇಟ್ಟು ಅಂಟಿಸಿ. ನೀವು ಬರೆದ ಹೂವು ನಾಲ್ಕು ಮೂಲೆಗೆ ಹೋಗಿ, ನಡುಭಾಗ ಖಾಲಿಯಾಗಿರುತ್ತದೆ. ಆ ಖಾಲಿ ಜಾಗದಲ್ಲಿ ಎಲೆ, ಮೊಗ್ಗು ತುಂಬಿ. ಅಂಚನ್ನು ಮಾತ್ರ ಮುಟ್ಟಬೇಡಿ. ಇದರ ನಾಲ್ಕು ಜೆರಾಕ್ಸ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿ, ಜೋಡಣೆಯ ಗೆರೆ ಎಲ್ಲಿದೆ ಅಂತ ಹುಡುಕಿದರೂ ಸಿಗಲಿಕ್ಕಿಲ್ಲ.

ಪಕ್ಕದ ಸಾಲನ್ನು ಅರ್ಧದಷ್ಟು ಕೆಳಗಿಳಿಸಿ ಜೋಡಿಸುವುದೂ ಉಂಟು. ಇದಕ್ಕೆ ಹಾಫ್ ಡ್ರಾಪ್ ಅನ್ನುತ್ತಾರೆ. ಕಣ್ಣಿಗೆ ಸಾಲು ಸಾಲಾಗಿ ಕಾಣದೆ ಹೂವು ಚೆಲ್ಲಿದ ಹಾಗೆ ಕಾಣುವುದು ಇದರಿಂದಲೇ. ಇಂಗ್ಲೆಂಡಿನ ವಿಲಿಯಂ ಮೋರಿಸ್ 1883ರಲ್ಲಿ ಮಾಡಿದ, ಹಣ್ಣು ಕದಿಯುವ ಹಕ್ಕಿಗಳ ಬಟ್ಟೆ ಇಂದಿಗೂ ಮಾರಾಟವಾಗುತ್ತಿದೆ. ಅದರ ಬುಡದಲ್ಲಿರುವುದೂ ಕೈಯಲ್ಲಿ ಬರೆದ ಒಂದೇ ತುಂಡು ಚಿತ್ರ.

ಎಲ್ಲ ಕೈಕೆಲಸವೂ ಒಂದೇ ರೀತಿ ಬಟ್ಟೆಗೆ ಇಳಿಯುವುದಿಲ್ಲ. ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ ಹೊಲಿಗೆಗಳನ್ನು ಬಟ್ಟೆಯ ಎಳೆ ಎಣಿಸಿಯೇ ಹಾಕುವುದು. ಲೆಕ್ಕ ಮೊದಲೇ ಇರುವುದರಿಂದ ಅದು ಸುಲಭವಾಗಿ ಮರುಕಳಿಸುತ್ತದೆ. ಮೈಲಾಂಜಿಯ ಬಳ್ಳಿಗೆ ಮೇಲೆ ಹೇಳಿದ ಕತ್ತರಿ ಕೆಲಸ ಬೇಕೇ ಬೇಕು. ಲಂಬಾಣಿ ಕೆಲಸದ ಕನ್ನಡಿ, ಕವಡೆ ಪ್ರಿಂಟ್‌ನಲ್ಲಿ ಬರೀ ಚಿತ್ರವಾಗಿಬಿಡುತ್ತವೆ. ಅದರ ಹೊಳಪು, ಭಾರ, ಸದ್ದು ಯಾವುದೂ ಥಾನಿಗೆ ಬರುವುದಿಲ್ಲ.

ಅಳತೆ, ಬಣ್ಣ, ಹೊಲಿಗೆ

ದೊಡ್ಡ ಮಿಲ್ಲುಗಳ ರೋಟರಿ ಸ್ಕ್ರೀನಿನ ಸುತ್ತಳತೆ ಸಾಮಾನ್ಯವಾಗಿ 64 ಸೆಂಟಿಮೀಟರ್. ಹಾಗಾಗಿ ಡಿಸೈನಿನ ಎತ್ತರ 64, 32, 16, 8, ಹೀಗೆ ಅದರೊಳಗೆ ಸಮನಾಗಿ ಕೂರಬೇಕು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಣ್ಣಕ್ಕೊಂದು ಸ್ಕ್ರೀನ್. ಆರು ಬಣ್ಣಕ್ಕೆ ಆರು ಸ್ಕ್ರೀನಿನ ಖರ್ಚು. ಮೂರು ಬಣ್ಣದಲ್ಲಿ ಮುಗಿಸಿದರೆ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಡಿಜಿಟಲ್ ಪ್ರಿಂಟ್‌ಗೆ ಸ್ಕ್ರೀನ್ ಬೇಡ, ಸ್ವಲ್ಪವೇ ಬಟ್ಟೆ ಸಾಕು ಅನ್ನುವವರಿಗೆ ಅದು ಅನುಕೂಲ. ಮೂಲ ಚಿತ್ರವನ್ನು ಮೊಬೈಲಿನಲ್ಲಿ ತೆಗೆದರೆ ಅಂಚು ಸೊಟ್ಟಗಾಗುತ್ತದೆ, ಆದ್ದರಿಂದ ಚಪ್ಪಟೆಯಾಗಿಟ್ಟು ಸ್ಕ್ಯಾನ್ ಮಾಡಿಸಿ. ನಿಜವಾದ ಅಳತೆಯಲ್ಲಿ ಇಂಚಿಗೆ 300 ಚುಕ್ಕೆ ಇದ್ದರೆ ಸಾಕು.

ಟೈಲರಿಂಗ್ ಮಾಡುವವರಿಗೆ ಇನ್ನೊಂದು ಮಾತು. ಎಲ್ಲ ಹೂವು ಒಂದೇ ದಿಕ್ಕಿಗೆ ನಿಂತ ಬಟ್ಟೆಯಲ್ಲಿ ತುಂಡುಗಳನ್ನು ತಿರುಗಿಸಿ ಕತ್ತರಿಸಲು ಆಗೋದಿಲ್ಲ, ಬಟ್ಟೆ ಹೆಚ್ಚು ಬೇಕು. ದೊಡ್ಡ ಡಿಸೈನಾದರೆ ಹೊಲಿಗೆಯ ಜಾಗದಲ್ಲಿ ಹೂವಿಗೆ ಹೂವು ಕೂಡಿಸಬೇಕು, ಅಲ್ಲೂ ಬಟ್ಟೆ ಹೋಗುತ್ತದೆ.

50ರ ಲೆಕ್ಕ

ಎಲ್ಲಕ್ಕಿಂತ ಮುಖ್ಯ ಇದು. ಕಾಗದದ ಮೇಲೆ ನೀವೇ ಬಿಡಿಸಿದ ಚಿತ್ರಕ್ಕೆ ಕೃತಿಸ್ವಾಮ್ಯ ತಾನಾಗಿಯೇ ಬರುತ್ತದೆ. ಅದು ನಿಮ್ಮ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ಆದರೆ ಅದೇ ಚಿತ್ರ ಬಟ್ಟೆಗೆ ಇಳಿದಾಗ ಕಾನೂನು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ನೋಂದಣಿ ಮಾಡಬಹುದಾಗಿದ್ದ ಡಿಸೈನನ್ನು ನೋಂದಣಿ ಮಾಡದೆ, ನೀವಾಗಲೀ ನಿಮ್ಮ ಅನುಮತಿ ಪಡೆದವರಾಗಲೀ ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಆ ಡಿಸೈನಿನ ಮೇಲಿನ ಕೃತಿಸ್ವಾಮ್ಯ ಹೋಯಿತು. ಮಿಲ್ಲಿಗೆ 50 ಅನ್ನೋದು ಒಂದು ದಿನದ ಕೆಲಸವೂ ಅಲ್ಲ. 2009ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟ ಮೈಕ್ರೋಫೈಬರ್ಸ್ ಪ್ರಕರಣವೂ ಸೋಫಾ ಬಟ್ಟೆಯ ಮೇಲಿನ ಚಿತ್ರಗಳದ್ದೇ. ನೋಂದಣಿ ಇಲ್ಲದ ಕಾರಣ ಅಲ್ಲಿ ಬಟ್ಟೆಯ ಮೇಲಿನ ನಕ್ಷೆಗೆ ರಕ್ಷಣೆ ಸಿಗಲಿಲ್ಲ.

ದಾರಿ ಇದೆ. 2000ದ ಡಿಸೈನ್ಸ್ ಕಾಯ್ದೆಯಡಿ ನೋಂದಣಿ ಮಾಡಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ಹಕ್ಕು ನಿಮ್ಮದು. ವ್ಯಕ್ತಿಯ ಹೆಸರಿನ ಅರ್ಜಿಗೆ ಸರ್ಕಾರಿ ಶುಲ್ಕ 1,000 ರೂಪಾಯಿ. ಒಂದು ಷರತ್ತು ಮಾತ್ರ ಗಟ್ಟಿ: ಅರ್ಜಿ ಹಾಕುವ ಮೊದಲು ಡಿಸೈನ್ ಎಲ್ಲೂ ಪ್ರಕಟವಾಗಿರಬಾರದು. ಇನ್‌ಸ್ಟಾಗ್ರಾಂಗೆ ಹಾಕಿ ಲೈಕ್ ಎಣಿಸಿದ ಮೇಲೆ ಅರ್ಜಿ ಹಾಕಿದರೆ ಅದು ಹೊಸತಲ್ಲ ಅಂತಾಗುತ್ತದೆ. ಮೊದಲು ಅರ್ಜಿ, ಆಮೇಲೆ ಸ್ಟೇಟಸ್.

ಅಜ್ಜಿಯಂದಿರ ನಕ್ಷೆ ಯಾರದ್ದು?

ತಲೆಮಾರಿನಿಂದ ಬಂದ ನಕ್ಷೆಗೆ ಈ ನೋಂದಣಿ ಸಿಗದು, ಅದು ಹೊಸತಲ್ಲವಲ್ಲ. ಅಂಥದ್ದಕ್ಕೆ ಇರುವುದು ಭೌಗೋಳಿಕ ಗುರುತು, ಅಂದರೆ ಜಿಐ. ಸಂಡೂರಿನ ಲಂಬಾಣಿ ಕಸೂತಿಗೆ ಅದು ಸಿಕ್ಕಿದೆ. ನವಲಗುಂದದಲ್ಲಿ ಮುಸ್ಲಿಂ ಹೆಣ್ಮಕ್ಕಳು ನೇಯುವ ಜಮಖಾನಕ್ಕೂ ಸಿಕ್ಕಿದೆ. 2023ರ ಜುಲೈಯಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರ ಕೈಯಿಂದ ಬಂದ 1,755 ಲಂಬಾಣಿ ಕಸೂತಿ ತುಂಡುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಒಟ್ಟಾಗಿ ಒಂದು ಸಂಸ್ಥೆಯಡಿ ದುಡಿದದ್ದರ ಫಲ ಅದು. ಆದರೆ ಸಂಡೂರಿನ ಹೆಸರು ಸಂಡೂರಿನ ಪ್ರದೇಶಕ್ಕೆ ಮಾತ್ರ. ಚಿಂಚೋಳಿಯ ತಾಂಡಾದ ಹೆಂಗಸು ಅದೇ ಹೊಲಿಗೆ ಹಾಕಿದರೂ ಆ ಹೆಸರಲ್ಲಿ ಮಾರುವ ಹಾಗಿಲ್ಲ.

ಹಾಗಾದರೆ ಅವರ ಪಾಲಿಗೆ ಉಳಿಯುವುದು ಕೊಳ್ಳುವವರ ನಿಯತ್ತು. ಅಂಗಡಿ ಇಟ್ಟ ನಮ್ಮವರು ಇಲ್ಲಿ ದೊಡ್ಡ ಕೆಲಸ ಮಾಡಬಹುದು. ಪ್ರಿಂಟ್ ಬಟ್ಟೆಯನ್ನು ಪ್ರಿಂಟ್ ಅಂತಲೇ ಹೇಳಿ ಮಾರಿ, ಕೈಕಸೂತಿ ಅಂತ ಅಲ್ಲ. ಯಾರದೋ ಕೈನಕ್ಷೆಯನ್ನು ಬಟ್ಟೆಗೆ ಇಳಿಸುವುದಾದರೆ ಎಷ್ಟು ಮೀಟರ್, ಯಾವ ಬಗೆಯ ಬಟ್ಟೆ, ಎಷ್ಟು ಹಣ, ಲೇಬಲ್ಲಿನಲ್ಲಿ ಯಾರ ಹೆಸರು ಎಂಬ ನಾಲ್ಕು ಸಂಗತಿಗಳನ್ನು ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಿ. ಮೈಲಾಂಜಿ ಬಿಡಿಸುವ ನಮ್ಮ ಮಕ್ಕಳೂ ಇದೇ ನಾಲ್ಕು ಮಾತು ಕೇಳಲು ಕಲಿಯಲಿ. ಒಮ್ಮೆಗೆ ಐನೂರು ರೂಪಾಯಿ ತೆಗೆದುಕೊಂಡು ಕಾಗದ ಕೊಟ್ಟುಬಿಟ್ಟರೆ, ಆಮೇಲೆ ಅದೇ ಹೂವನ್ನು ಊರಿಡೀ ಉಟ್ಟರೂ ಹಕ್ಕು ಕೇಳುವುದು ಕಷ್ಟ.