ಮಕ್ಕಳ ಮಂಡಿನೋವು: ನೆಪವೋ, ನಿಜವೋ?

ಅಭ್ಯಾಸ ಬೋಧನೆಗೆ ಪ್ರೌಢಶಾಲೆಗೆ ಹೋದ ಪ್ರಶಿಕ್ಷಣಾರ್ಥಿಗಳಿಗೆಲ್ಲ ಈ ದೃಶ್ಯ ಪರಿಚಿತ. ಆಟದ ಅವಧಿಯಲ್ಲಿ ಎಲ್ಲರೂ ಮೈದಾನಕ್ಕೆ ಓಡಿದರೆ ಒಬ್ಬ ಮಾತ್ರ ಮರದ ಕೆಳಗೆ ಕುಳಿತು, "ಮಂಡಿ ನೋವು ಸರ್" ಎನ್ನುತ್ತಾನೆ. ಈ ವಯಸ್ಸಿಗೆ ಎಂಥ ಮಂಡಿನೋವು ಎಂದು ನಾವು ನಕ್ಕುಬಿಡುತ್ತೇವೆ. ಆದರೆ ಹದಿಹರೆಯದಲ್ಲಿ ತಿಂಗಳುಗಟ್ಟಲೆ ಕಾಡುವ ಮಂಡಿನೋವು ಅಪರೂಪವಲ್ಲ. ಅದರ ಕಾರಣಗಳು ಮುಪ್ಪಿನ ಸವೆತಕ್ಕಿಂತ ಬೇರೆ, ಅಷ್ಟೆ.

ಮೊದಲನೆಯದು, ಬೆಳವಣಿಗೆಗೆ ಸಂಬಂಧಿಸಿದ್ದು. ತೊಡೆಯ ಮುಂಭಾಗದ ಸ್ನಾಯು ಮಂಡಿಚಿಪ್ಪಿನ ಮೂಲಕ ಹಾದು ಕಣಕಾಲಿನ ಮೂಳೆಗೆ ಅಂಟಿಕೊಂಡಿರುತ್ತದೆ. ಅಂಟಿದ ಆ ಜಾಗ ಬೆಳೆಯುವ ಮಕ್ಕಳಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಓಟ, ಜಿಗಿತಗಳಲ್ಲಿ ಸ್ನಾಯು ಮತ್ತೆ ಮತ್ತೆ ಎಳೆದಾಗ ಅಲ್ಲಿ ಊದಿಕೊಂಡು, ಮಂಡಿಚಿಪ್ಪಿನ ಕೆಳಗೆ ಮುಟ್ಟಿದರೆ ನೋಯುವ ಗಂಟು ಕಾಣಿಸುತ್ತದೆ. 1903ರಲ್ಲಿ ಇದನ್ನು ಬೇರೆ ಬೇರೆಯಾಗಿ ವಿವರಿಸಿದ ಇಬ್ಬರು ವೈದ್ಯರ ಹೆಸರಿನಲ್ಲಿ ಇದಕ್ಕೆ ಆಸ್ಗುಡ್–ಶ್ಲಾಟರ್ ಎನ್ನುತ್ತಾರೆ. ಸಾಮಾನ್ಯವಾಗಿ 10ರಿಂದ 15ರ ವಯಸ್ಸಿನಲ್ಲಿ ಬರುವ ಇದು ಹೆಚ್ಚಿನವರಲ್ಲಿ ಬೆಳವಣಿಗೆ ಮುಗಿಯುವ ಹೊತ್ತಿಗೆ ಶಮನವಾಗುತ್ತದೆ.

ಎರಡನೆಯದು, ಮಂಡಿಚಿಪ್ಪಿನ ಸುತ್ತಲಿನ ನೋವು. ಮೆಟ್ಟಿಲು ಹತ್ತಿ ಇಳಿಯುವಾಗ, ಕುಕ್ಕರಗಾಲಲ್ಲಿ ಕೂತಾಗ, ಕಾಲು ಮಡಚಿ ಬಹಳ ಹೊತ್ತು ಕುಳಿತಾಗ ಇದು ಹೆಚ್ಚುತ್ತದೆ. ತೊಡೆ ಮತ್ತು ಸೊಂಟದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೇ ಇದಕ್ಕೆ ಮುಖ್ಯ ಚಿಕಿತ್ಸೆ.

ಮೂರನೆಯದು ನಮ್ಮನ್ನು ದಾರಿ ತಪ್ಪಿಸುವಂಥದು. ತೊಂದರೆ ಸೊಂಟದ ಕೀಲಿನಲ್ಲಿದ್ದರೂ ನೋವು ಮಂಡಿಯಲ್ಲಿ ಕಾಣಿಸಬಹುದು. ಹದಿಹರೆಯದಲ್ಲಿ, ಅದರಲ್ಲೂ ತೂಕ ಹೆಚ್ಚಿರುವ ಮಕ್ಕಳಲ್ಲಿ, ತೊಡೆಮೂಳೆಯ ತಲೆ ತನ್ನ ಜಾಗದಿಂದ ಜಾರುವುದುಂಟು. ಮಗು ಕುಂಟುತ್ತದೆ, ಪಾದ ಹೊರಕ್ಕೆ ತಿರುಗಿರುತ್ತದೆ. ಇಲ್ಲಿ ತಡ ಮಾಡಿದರೆ ಕೀಲಿಗೆ ಶಾಶ್ವತ ಹಾನಿಯಾಗಬಹುದು.

ಇನ್ನು ಕೆಲವು ವಿರಳವಾದರೂ ಗಂಭೀರ. ಬೆಳಗ್ಗೆ ಎದ್ದಾಗ ಕೀಲು ಬಿಗಿದುಕೊಂಡು, ಊತ ಆರು ವಾರ ಮೀರಿದರೆ ಮಕ್ಕಳ ಸಂಧಿವಾತವಿರಬಹುದು. ಕೀಲಿನ ಕ್ಷಯವೂ ಇರಬಹುದು. ನಿದ್ದೆಯಿಂದ ಎಬ್ಬಿಸುವ, ಒಂದೇ ಕಾಲಿನಲ್ಲಿ ದಿನೇ ದಿನೇ ಹೆಚ್ಚುವ ನೋವಿದ್ದರೆ ಮೂಳೆಯ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.

ರೋಗನಿರ್ಣಯ ಶಿಕ್ಷಕರ ಕೆಲಸವಲ್ಲ, ವೀಕ್ಷಣೆ ನಮ್ಮದೇ. ಮೂರು ಪ್ರಶ್ನೆ ಸಾಕು: ಎಲ್ಲಿ ನೋಯುತ್ತದೆ? ಯಾವಾಗ ಹೆಚ್ಚುತ್ತದೆ? ಎಷ್ಟು ದಿನದಿಂದ? ಜೊತೆಗೆ ಮಗು ನಡೆಯುವುದನ್ನು ನೋಡಿ. ಕುಂಟುವಿಕೆ, ಊತ, ಜ್ವರ, ರಾತ್ರಿಯ ನೋವು, ತೂಕ ಇಳಿಕೆ ಇವುಗಳಲ್ಲಿ ಒಂದಿದ್ದರೂ ಅಂದೇ ಪೋಷಕರಿಗೆ ತಿಳಿಸಿ. ಎಣ್ಣೆ ತಿಕ್ಕಿ ಕಾಯದೆ ವೈದ್ಯರಿಗೆ ತೋರಿಸಲು, ಸೊಂಟದ ಕೀಲನ್ನೂ ಪರೀಕ್ಷಿಸುವಂತೆ ಕೇಳಲು ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಆ ಮಗುವಿನ ಹೆಸರನ್ನು ಮರೆಯದೆ ಕೊಡಿ.

ತರಗತಿಯಲ್ಲಿಯೂ ಮಾಡಬಹುದಾದದ್ದಿದೆ. ನೆಲದ ಬದಲು ಬೆಂಚು ಕೊಡಿ, ನಡುವೆ ಎದ್ದು ಕಾಲು ಚಾಚಲು ಬಿಡಿ, ಆಟದಲ್ಲಿ ಅಂಕ ಬರೆಯುವ ಕೆಲಸ ಒಪ್ಪಿಸಿ. ಬಸ್ಕಿ ಹೊಡೆಸುವ ಶಿಕ್ಷೆಯಂತೂ ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ನೋಯುವ ಮಂಡಿಗಂತೂ ಅದು ಎರಡು ಪಟ್ಟು ಶಿಕ್ಷೆ.

ಮರದ ಕೆಳಗೆ ಕುಳಿತವನು ಒಮ್ಮೆ ನೆಪ ಹೇಳಿರಬಹುದು. ನಂಬಿ ವಿಚಾರಿಸಿದರೆ ನಮಗೆ ಹೋಗುವುದು ಐದು ನಿಮಿಷ. ನಂಬದೆ ಹೋದರೆ ಅವನಿಗೆ ಹೋಗುವುದು ಕಾಲೇ ಆಗಬಹುದು.